ಬಾಗಿಲ ಕಡೆಗೆ ಮಾತ್ರ ಓಡುವ ಮಷೀನು

೧

ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಈ ಪ್ರಶ್ನೆ ಕೇಳಿದರೇ ನನಗೆ ಮೈ ಉರಿಯುತ್ತದೆ. ಯಾರೂ ಕೇಳಿಲ್ಲ, ನಿಜ. ಆದರೂ ಉರಿಯುತ್ತದೆ. ಹುಲ್ಲು ಕತ್ತರಿಸುವ ಮಷೀನಿನ ಮೇಲೊಂದು ಕಥೆ ಬರೆಯುತ್ತಿದ್ದೇನೆ ಅಂದಾಗ ಸ್ನೇಹಿತರೊಬ್ಬರು, "ಇಬ್ಬನಿಯಿಂದ ಶುರು ಮಾಡಿ, ಚೆನ್ನಾಗಿರುತ್ತೆ" ಅಂದರು. ಇಬ್ಬನಿ ಇದ್ದಾಗ ಹುಲ್ಲಿಗೆ ಮಷೀನು ಹಾಕಬಾರದು. ಒದ್ದೆ ಹುಲ್ಲು ಮುದ್ದೆಯಾಗಿ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಇಷ್ಟೂ ಗೊತ್ತಿಲ್ಲದವರು ಸಾಹಿತ್ಯದ ಬಗ್ಗೆ ಸಲಹೆ ಕೊಡಲು ಬರುತ್ತಾರೆ.

(ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಆ ವಿಷಯ ಬಿಡಿ.)

ಬರೆದ ಮೊದಲ ವಾಕ್ಯ ಹೀಗಿತ್ತು: "ದಿಣ್ಣೆಯ ಮೇಲೆ ಒಬ್ಬ ಹೆಂಗಸು ಏನನ್ನೋ ದೂಡುತ್ತಿದ್ದಳು." ಹೊಡೆದು ಹಾಕಿದೆ. ಏನನ್ನೋ ಅಂದರೇನು? ಅವಳು ದೂಡುತ್ತಿದ್ದದ್ದು ಹುಲ್ಲಿನ ಮಷೀನು. ಅದನ್ನು ದೂಡುವ ಅಗತ್ಯವೇ ಇರಬಾರದಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ ಇದೆ. ಹಾಗಾಗಿ ಅದನ್ನು ಮೊದಲು ಬಿಡಿಸಿ ಹೇಳಿಬಿಡುತ್ತೇನೆ.

ಈ ಮಷೀನಿಗೆ ಎಂಜಿನ್ ಒಂದೇ, ಕೆಲಸ ಎರಡು. ಕೆಳಗಿನ ಬ್ಲೇಡು ತಿರುಗಿಸಿ ಹುಲ್ಲು ಕತ್ತರಿಸುವುದು ಒಂದು. ಹಿಂದಿನ ಗಾಲಿಗಳನ್ನು ತಿರುಗಿಸಿ ತಾನೇ ಮುಂದೆ ನಡೆಯುವುದು ಇನ್ನೊಂದು. ಹಿಡಿಯ ಹತ್ತಿರ ಒಂದು ಲಿವರ್ ಇದೆ. ಅದನ್ನು ಒತ್ತಿದರೆ ಮಷೀನು ನಡೆಯುತ್ತದೆ, ಹಿಂದಿರುವವರು ದಾರಿ ತೋರಿಸುತ್ತ ನಡೆದರೆ ಸಾಕು. ನಾನು ಹೇಳುತ್ತಿರುವ ಮಷೀನು ಹುಲ್ಲನ್ನು ಚೆನ್ನಾಗಿಯೇ ಕತ್ತರಿಸುತ್ತದೆ. ನಡೆಯುವ ವಿಷಯ ಬಂದರೆ ಮಾತ್ರ ಸೋಮಾರಿ. ಸಮನೆಲದಲ್ಲಿ ಅಷ್ಟೋ ಇಷ್ಟೋ ಕಾಲು ಹಾಕುತ್ತದೆ. ಏರು ಬಂತೋ, ಎಂಜಿನ್ ಅರಚುತ್ತದೆ, ಗಾಲಿ ಕದಲುವುದಿಲ್ಲ. ಆಗ ಹಿಂದಿನಿಂದ ಭುಜ ಕೊಟ್ಟು ದೂಡಬೇಕು. ಅದನ್ನು ದೂಡುವವಳು ಹುಲ್ಲಕ್ಕ.

೨

ಹುಲ್ಲಕ್ಕ ಅನ್ನುವುದು ಬಡಾವಣೆಯವರು ಇಟ್ಟ ಹೆಸರು. ಅಲ್ಲಿನ ಫ್ಲ್ಯಾಟುಗಳ ಹಿಂದೆ ಒಂದು ದೊಡ್ಡ ಹಸಿರು ದಿಣ್ಣೆಯಿದೆ. ಮಕ್ಕಳು ಅದರ ಮೇಲಿಂದ ಉರುಳುತ್ತಾರೆ, ಮುದುಕರು ಅದರ ಬುಡದ ಬೆಂಚಿನಲ್ಲಿ ಕೂತು ಜಗಳವಾಡುತ್ತಾರೆ. ಆ ದಿಣ್ಣೆಯ ಹುಲ್ಲನ್ನು ಮದುವೆಯಾಗಿ ಬಂದಾಗಿನಿಂದ ಕತ್ತರಿಸುತ್ತಿರುವವಳು ಹುಲ್ಲಕ್ಕ. ಬೇರೆ ಅಂಗಳಗಳೂ ಅವಳ ಪಾಲಿಗಿವೆ, ಆದರೆ ಅವು ಬರೀ ಕೆಲಸ. ದಿಣ್ಣೆ ಅವಳದು. ಅಡ್ಡಡ್ಡ ಪಟ್ಟೆ ಬರುವಂತೆ, ಒಂದು ಪಟ್ಟೆ ತಿಳಿ, ಒಂದು ಪಟ್ಟೆ ಕಡು, ಕತ್ತರಿಸಿ ಮುಗಿಸಿ ಕೆಳಗೆ ನಿಂತು ನೋಡುವಾಗ ಅವಳ ಮುಖ ನೋಡಬೇಕು. ನಾನು ಒಂದು ಪುಟ ಬರೆದು ಮುಗಿಸಿದಾಗ ನನ್ನ ಮುಖ ಹಾಗಾಗುವುದಿಲ್ಲ.

ಈಗ ಅವಳ ಬಲಭುಜ ಏಳುವುದಿಲ್ಲ. ತಲೆ ಬಾಚಬೇಕಾದರೆ ಕೈಯನ್ನು ತಲೆಗೆ ಒಯ್ಯಲು ಆಗದೆ, ತಲೆಯನ್ನೇ ಬಗ್ಗಿಸಿ ಕೈಯ ಹತ್ತಿರ ತರುತ್ತಾಳೆ.

ಗಂಡನಿಗೆ ಹೇಳಲಿಲ್ಲವೇ ಅಂತ ಕೇಳುತ್ತೀರಿ. ಹೇಳಿದಳು. ಗಂಡ ಬೇರೆ ಯಾರೂ ಅಲ್ಲ, ಇಂಥ ಮಷೀನುಗಳನ್ನೇ ರಿಪೇರಿ ಮಾಡುವ ಮೇಸ್ತ್ರಿ. ಮನೆಯ ಹಿಂದೆಯೇ ಶೆಡ್ಡು. ಸುತ್ತಮುತ್ತಲಿನ ಮಷೀನೆಲ್ಲ ಅಲ್ಲಿಗೇ ಬರುವುದು. ಒಳ್ಳೆಯ ಕೈ ಅಂತ ಹೆಸರಿದೆ. "ರೀ, ಮಷೀನು ಏರು ಹತ್ತಲ್ಲ, ಎಳೆತ ಇಲ್ಲ" ಅಂತ ಹುಲ್ಲಕ್ಕ ಹೇಳಿದಾಗ ಮೇಸ್ತ್ರಿಯವರು ಅದನ್ನು ಶೆಡ್ಡಿನೊಳಗೆ ನಿಲ್ಲಿಸಿ, ಬಾಗಿಲ ಕಡೆಗೆ ಮುಖ ಮಾಡಿಸಿ, ಶುರು ಮಾಡಿ, ಲಿವರ್ ಒತ್ತಿ, ಹಿಡಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಾಗಿಲವರೆಗೆ ನಡೆಸಿ ತೋರಿಸಿದರು.

"ಓಡುತ್ತಲ್ಲ."

ಆಮೇಲೊಮ್ಮೆ ಹೇಳಿದಳು. ಮತ್ತೆ ಎರಡು ಬೆರಳು, ಮತ್ತೆ ಬಾಗಿಲು, ಮತ್ತೆ "ಓಡುತ್ತಲ್ಲ". ಮಗದೊಮ್ಮೆ ಹೇಳಿದಾಗ ಮೇಸ್ತ್ರಿಯವರಿಗೆ ನಗು ಬಂತು. ಹಳೆ ಬನಿಯನ್ನಿನ ತುಂಡಿಗೆ ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಅಂದ.

(ಗಮನಿಸಿದಿರಾ? ಇಲ್ಲಿಯವರೆಗೆ ಮೇಸ್ತ್ರಿಗೆ ಬಹುವಚನ ಕೊಟ್ಟಿದ್ದೆ. ಈ ಗಾದೆ ಬಾಯಿಂದ ಬಂದದ್ದೇ ಕಿತ್ತುಕೊಂಡೆ. ಇನ್ನು ಏಕವಚನವೇ.)

ಆ ಗಾದೆಯ ಮೇಲೆ ನನಗೆ ಎಂದಿನಿಂದಲೂ ಕೋಪ. ಕಾಲದಿಂದ ಕಾಲಕ್ಕೆ ಎಲ್ಲರೂ ಕುಣಿಯುವವಳನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಒಬ್ಬನಾದರೂ ಬಗ್ಗಿ ನೆಲ ನೋಡಿದನೇ? ಡೊಂಕಾಗಿಯೇ ಇದ್ದಿರಬಹುದಲ್ಲ? (ಇದು ಸುಳಿವು ಅಂತ ಜಾಣ ಓದುಗರಿಗೆ ಅನ್ನಿಸಿದರೆ, ಹೌದು, ಸುಳಿವೇ. ಬಚ್ಚಿಟ್ಟು ಆಟವಾಡಿಸುವಷ್ಟು ತಾಳ್ಮೆ ನನಗಿಲ್ಲ.)

೨, ಮತ್ತೊಮ್ಮೆ

ಇಲ್ಲಿ ಒಂದು ಹರಿದ ಡ್ರಾಫ್ಟಿನ ಬಗ್ಗೆ ಹೇಳಬೇಕು. ಅದರಲ್ಲಿ ಮೇಸ್ತ್ರಿಯೇ ನಾಯಕ. ಗ್ರೀಸು ಮೆತ್ತಿದ ಉಗುರು, ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಕಿವಿ, ಶೆಡ್ಡಿನ ಕಿಟಕಿಯಿಂದ ಬೀಳುವ ಬಿಸಿಲುಕೋಲು. ಹೆಂಡತಿ ಅಲ್ಲಲ್ಲಿ ಬಂದು ಟೀ ಇಟ್ಟು ಹೋಗುತ್ತಿದ್ದಳು. ಚೆನ್ನಾಗಿಯೇ ಸಾಗುತ್ತಿತ್ತು. ನಾಲ್ಕನೆಯ ಸಲ ಟೀ ಇಡಲು ಬಂದವಳು ಇಟ್ಟು ಹೋಗಲಿಲ್ಲ, ನನ್ನ ಮೇಜಿನ ಮುಂದೆ ನಿಂತಳು.

"ಬರೆಯೋರೇ, ಒಂದು ಮಾತು. ನಾನು ಇಡೀ ದಿನ ದಿಣ್ಣೆ ಮೇಲಿರ್ತೀನಿ. ಈ ಟೀ ಯಾವಾಗ ಮಾಡಿದೆ?"

"ಅದು ಕಥೆಯ ವಾತಾವರಣಕ್ಕೆ" ಅಂದೆ.

"ವಾತಾವರಣಕ್ಕೆ ಬೇಕಾದರೆ ಅವರೇ ಮಾಡ್ಕೊಳ್ಳಲಿ. ಹಾಲು ಒಲೆ ಮೇಲಿದೆ."

ಹರಿದು ಹಾಕಿದೆ. ಬಿಸಿಲುಕೋಲಿನ ಪ್ಯಾರಾವನ್ನು ಮಾತ್ರ ಹರಿಯುವ ಮೊದಲು ಇನ್ನೊಮ್ಮೆ ಓದಿಕೊಂಡೆ.

೪

(ಮೂರನೆಯದು ಎಲ್ಲಿ ಅಂತ ಹುಡುಕಬೇಡಿ. ಅದರಲ್ಲಿ ಹುಲ್ಲು ಮಾತನಾಡುತ್ತಿತ್ತು. ನಾಚಿಕೆಯಾಗಿ ತೆಗೆದುಬಿಟ್ಟೆ.)

ಆ ಶೆಡ್ಡಿಗೊಂದು ಪದ್ಧತಿಯಿದೆ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೇಸ್ತ್ರಿಯ ತಾಯಿ ಕೂತಿರುತ್ತಾರೆ, ಅಂದರೆ ಹುಲ್ಲಕ್ಕನ ಅತ್ತೆ. ಅವರ ಕೈಯಲ್ಲಿ ಸೀಮೆಸುಣ್ಣ. ರಿಪೇರಿಗೆ ಮಷೀನು ಬಂದ ಕ್ರಮದಲ್ಲಿ ಅದರ ಮೈಮೇಲೆ ನಂಬರ್ ಬರೆಯುತ್ತಾರೆ, ಮಗ ಆ ನಂಬರಿನ ಪ್ರಕಾರ ಕೈ ಹಾಕುತ್ತಾನೆ. ಯಾರು ಬಂದು ಗೋಗರೆದರೂ ಕ್ರಮ ತಪ್ಪುವುದಿಲ್ಲ. ಮನೆಯ ಮಷೀನಿಗೆ ಮಾತ್ರ ನಂಬರೇ ಇಲ್ಲ. "ಹೊರಗಿನವರದ್ದು ಮೊದಲು, ಮನೇದು ಯಾವಾಗ ಬೇಕಾದರೂ ಆಗುತ್ತೆ" ಅನ್ನುವುದು ಮಾವನ ಕಾಲದಿಂದ ಬಂದ ಮಾತು. ಯಾವಾಗ ಬೇಕಾದರೂ ಆಗುವ ಕೆಲಸ ಯಾವತ್ತೂ ಆಗುವುದಿಲ್ಲ ಅಂತ ಸಂಸಾರ ಮಾಡಿದ ಎಲ್ಲರಿಗೂ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಹಿತ್ತಲ ಗಿಡಕ್ಕೇ ಯಾರೂ ಮದ್ದು ಹಾಕಲಿಲ್ಲ.

ಇಷ್ಟಾಗಿದ್ದರೆ ಇದು ಸಾಮಾನ್ಯ ಮನೆ ರಗಳೆ. ಕಥೆ ಬರೆಯುವಷ್ಟೇನೂ ಆಗಿರಲಿಲ್ಲ. ಆದದ್ದು ಮುಂದೆ.

ಒಂದು ಬೆಳಿಗ್ಗೆ ಹುಲ್ಲಕ್ಕ ದಿಣ್ಣೆಯ ಬುಡದಲ್ಲಿ ಮಷೀನಿಗೆ ಪೆಟ್ರೋಲ್ ಹಾಕುತ್ತಿದ್ದಾಗ ಬಡಾವಣೆಯ ಸೆಕ್ರೆಟರಿ ಬಂದ. ಒಳ್ಳೆಯ ಮನುಷ್ಯ, ಎಲ್ಲರಿಗೂ ಒಳ್ಳೆಯದನ್ನೇ ಹೇಳುವವನು. ಅಂಥವರಿಂದಲೇ ಅನಾಹುತ.

"ಅಕ್ಕ, ಮುಂದಿನ ತಿಂಗಳಿಂದ ದಿಣ್ಣೆಗೆ ಬೇರೆಯವರನ್ನ ಕಳಿಸ್ತೀನಿ ಅಂದ್ರು ಮೇಸ್ತ್ರಿ. ನೀವು ಕೆಳಗೆ ಹೂವಿನ ಪಾತಿ ನೋಡ್ಕೊಂಡರೆ ಸಾಕಂತೆ."

"ಯಾಕಂತೆ?"

"ನಿಮಗೆ ಮುಂಚಿನ ಹಾಗೆ ಶಕ್ತಿ ಇಲ್ಲವಂತಲ್ಲ. ಪಾಪ, ಎಷ್ಟು ವರ್ಷ ಅಂತ ದೂಡ್ತೀರಿ."

ಹುಲ್ಲಕ್ಕ ಪೆಟ್ರೋಲ್ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. ಶಕ್ತಿ ಇಲ್ಲವಂತೆ. ಹೆಂಡತಿ ಹೇಳಿದ್ದನ್ನು ನಂಬಿ ಮಷೀನಿನ ಮುಚ್ಚಳ ಎತ್ತಿ ನೋಡುವುದಕ್ಕೆ ಪುರುಸೊತ್ತಿಲ್ಲ, ಹೆಂಡತಿ ಸೋತಳು ಅಂತ ಊರಿಗೆ ಹೇಳಿಕೊಂಡು ಬರುವುದಕ್ಕೆ ಪುರುಸೊತ್ತಿದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಇದನ್ನು ಬರೆಯುವಾಗ ನನ್ನ ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಓದುವಾಗ ನಿಮಗೇನೂ ಆಗದಿದ್ದರೆ ದಯವಿಟ್ಟು ಪುಸ್ತಕ ಮುಚ್ಚಿ, ನಮಗೂ ನಿಮಗೂ ಸರಿಹೋಗುವುದಿಲ್ಲ.

೫

ಮೇಸ್ತ್ರಿ ನನ್ನ ಹತ್ತಿರ ಬಂದು ಗೊಣಗಿದ.

"ನನ್ನನ್ನ ಯಾಕೆ ಹೀಗೆ ಬರೀತೀರಿ? ನಾನೇನು ಕುಡೀತೀನಾ, ಹೊಡೀತೀನಾ? ಅವಳ ಭುಜ ನೋಯುತ್ತೆ ಅಂತಲೇ ಕೆಳಗಿನ ಕೆಲಸ ಕೇಳಿ ಬಂದದ್ದು. ಒಳ್ಳೇದು ಮಾಡೋಕೆ ಹೋದರೂ ತಪ್ಪಾ?"

"ಭುಜ ಯಾಕೆ ನೋಯುತ್ತೆ?"

"ವಯಸ್ಸಾಯ್ತಲ್ಲ."

"ಅವಳಿಗೂ ನಿಮಗೂ ಎಷ್ಟು ವ್ಯತ್ಯಾಸ?"

"ನಾನು ನಾಲ್ಕು ವರ್ಷ ದೊಡ್ಡವನು."

"ನಿಮ್ಮ ಭುಜ?"

"ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂದ. ಅಂದವನೇ ಎದ್ದು ಸ್ಪ್ಯಾನರ್ ಹುಡುಕಿಕೊಂಡು ಹೋದ. ನಾನು ಗೆದ್ದೆ ಅಂದುಕೊಂಡೆ. ಏನೂ ಇಲ್ಲ, ನಿಜವಾಗಿಯೂ ಸ್ಪ್ಯಾನರ್ ಹುಡುಕುತ್ತಿದ್ದ.

೬

ಎರಡನೆಯ ಡ್ರಾಫ್ಟು ನನ್ನ ಹೆಮ್ಮೆಯದಾಗಿತ್ತು. ಈ ಸಲ ನಾಯಕಿ ಹುಲ್ಲಕ್ಕ. ಗಂಡ ಮಾಡದಿದ್ದರೇನು, ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಕಲಿಯುತ್ತಾಳೆ. ಮಷೀನಿನ ಮೇಲಿನ ಮುಚ್ಚಳ ಬಿಚ್ಚುತ್ತಾಳೆ, ಒಣಹುಲ್ಲಿನ ಕಸ ಕೆರೆದು ತೆಗೆಯುತ್ತಾಳೆ, ಸಡಿಲವಾದ ಕೇಬಲ್ಲನ್ನು ಬಿಗಿ ಮಾಡುತ್ತಾಳೆ, ಬೆಲ್ಟು ಬದಲಿಸುತ್ತಾಳೆ. ಮಷೀನು ಏರು ಹತ್ತುತ್ತದೆ. ಗಂಡ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಹಿನ್ನೆಲೆಗೆ ಬೇಕಾದರೆ ಸಂಗೀತ ಹಾಕಿಕೊಳ್ಳಬಹುದು. ಎಂಪವರ್‌ಮೆಂಟ್ ಅಂದರೆ ಇದು, ಯಾವ ಪತ್ರಿಕೆಯೂ ಬೇಡ ಅನ್ನುವುದಿಲ್ಲ.

ಹುಲ್ಲಕ್ಕ ಓದಿದಳು. ನಿಂತುಕೊಂಡೇ ಓದಿದಳು.

"ಅಂದರೆ ಬೆಳಿಗ್ಗೆಯಿಂದ ಸಂಜೆತನಕ ಹುಲ್ಲು ಕತ್ತರಿಸೋದೂ ನಾನೇ, ಬಂದು ಮಷೀನು ರಿಪೇರಿ ಮಾಡೋದೂ ನಾನೇ?"

"ಅದು ನಿಮ್ಮ ಗೆಲುವು ಅಲ್ಲವಾ?"

"ಯಾರದ್ದು ಗೆಲುವು? ನಿಮಗೆ ಒಳ್ಳೇ ಕೊನೆ ಸಿಕ್ತು, ಅವರಿಗೆ ಒಂದು ಕೆಲಸ ಕಮ್ಮಿ ಆಯ್ತು. ನಂಗೆ ಒಂದು ಜಾಸ್ತಿ ಆಯ್ತು. ಬರೆಯೋರೇ, ಇದೇ ಭುಜದಲ್ಲಿ ಆ ಬೋಲ್ಟು ಬಿಚ್ಚಿಸ್ತೀರಲ್ಲ, ನಿಮಗೇನಾದರೂ ಮನಸ್ಸಿದೆಯಾ?"

ನಾನು ತಲೆ ಕೆರೆದುಕೊಂಡೆ. "ಹಾಗಾದರೆ ನಿಮಗೆ ಏನು ಬೇಕು?"

"ಏನೂ ಬೇಡ. ನಾನು ಮಷೀನು ಸರಿ ಇಲ್ಲ ಅಂದೆ. ಅದು ಸರಿ ಇರಲಿಲ್ಲ ಅಂತ ಅವರ ಬಾಯಲ್ಲಿ ಬರಬೇಕು. ಸೆಕ್ರೆಟರಿ ಎದುರು ನಂಗೆ ಶಕ್ತಿ ಇಲ್ಲ ಅಂದ್ರಲ್ಲ, ಅದೇ ಸೆಕ್ರೆಟರಿ ಎದುರು ಬರಬೇಕು. ದಿಣ್ಣೆ ನಂದು, ಬಿಡಲ್ಲ. ಅದರ ಮೇಲೆ ನೀವು ಸಾಹಿತ್ಯ ಏನಾದರೂ ಮಾಡ್ಕೊಳ್ಳಿ."

ನೋಡಿ, ಕಥೆಗಾರರು ಪಾತ್ರದ ಮನಸ್ಸಿನ ಆಳಕ್ಕೆ ಇಳಿಯಬೇಕು ಅಂತ ಕಲಿಸುತ್ತಾರೆ. ಎಲ್ಲೂ ಇಳಿಯಬೇಕಾಗಿರಲಿಲ್ಲ. ಕೇಳಿದ್ದರೆ ಸಾಕಿತ್ತು.

೭. ನೆಲ

ಈ ಸೀನಿನಲ್ಲಿ ನಾನು ಬಾಯಿ ಹಾಕುವುದಿಲ್ಲ. (ಹಾಕಿದರೆ ಒಂದೆರಡು ಸಲ.)

ತಿಂಗಳ ಕೊನೆಯ ವಾರ. ಮೇಸ್ತ್ರಿ ಶೆಡ್ಡಿನ ಒಳಗೋಡೆಯ ಹತ್ತಿರ ಯಾರದ್ದೋ ಮಷೀನಿನ ಗಾಲಿ ಬಿಚ್ಚುತ್ತಿದ್ದ. ಅತ್ತೆ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. ಹುಲ್ಲಕ್ಕ ಆಗಷ್ಟೇ ದಿಣ್ಣೆಯಿಂದ ಬಂದು ತನ್ನ ಮಷೀನನ್ನು ಒಳಗೆ ತಂದು ನಿಲ್ಲಿಸುತ್ತಿದ್ದಳು. ಮೇಸ್ತ್ರಿಯ ಕೈಯಿಂದ ಒಂದು ನಟ್ಟು ಜಾರಿ ಕೆಳಗೆ ಬಿತ್ತು. ಅವನು ಬಗ್ಗಲೂ ಇಲ್ಲ, ನೋಡಲೂ ಇಲ್ಲ. "ಅಮ್ಮ" ಅಂದ, ಅಷ್ಟೆ. ನಟ್ಟು ಸಿಮೆಂಟ್ ನೆಲದ ಮೇಲೆ ಉರುಳುತ್ತ ಉರುಳುತ್ತ ಬಾಗಿಲವರೆಗೆ ಬಂತು. ಅತ್ತೆ ಕಾಲು ಚಾಚಿ ಚಪ್ಪಲಿಯಿಂದ ಅದನ್ನು ನಿಲ್ಲಿಸಿದರು.

"ಬಂತು ನೋಡು" ಅಂದರು.

ಆ ಮನೆಯಲ್ಲಿ ಬಿದ್ದ ಸಾಮಾನನ್ನು ಯಾರೂ ಮೇಜಿನ ಕೆಳಗೆ ಹುಡುಕುವುದಿಲ್ಲ. ನಟ್ಟು, ಬೋಲ್ಟು, ಸೀಮೆಸುಣ್ಣ, ಏನು ಬಿದ್ದರೂ ಬಾಗಿಲಿಗೇ ಬರುತ್ತದೆ, ಅತ್ತೆ ಕಾಲಿಟ್ಟು ಹಿಡಿಯುತ್ತಾರೆ. ಮೇಸ್ತ್ರಿ ಮಗುವಾಗಿದ್ದಾಗಿನಿಂದಲೂ ಹಾಗೆಯೇ. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಹುಲ್ಲಕ್ಕನಿಗೂ ಅನ್ನಿಸಿರಲಿಲ್ಲ, ಆ ಕ್ಷಣದವರೆಗೆ.

ಅವಳು ಅತ್ತೆಯ ಚಪ್ಪಲಿ ನೋಡಿದಳು. ಗೋಡೆಯ ಹತ್ತಿರ ಕೂತ ಗಂಡನನ್ನು ನೋಡಿದಳು.

"ಅತ್ತೆ, ಈ ನೆಲ ಇಳಿಜಾರಾ?"

"ಇಲ್ಲದೆ? ನಿಮ್ಮ ಮಾವ ಬೇಕಂತಲೇ ಹಾಕ್ಸಿದ್ರು. ಮಷೀನು ತೊಳೆದ ನೀರು ಒಳಗೆ ನಿಲ್ಲಬಾರದು, ತಾನೇ ಹೊರಗೆ ಹೋಗಲಿ ಅಂತ. ಆಗ ಈ ತಾನೇ ನಡೆಯೋ ಮಷೀನೆಲ್ಲ ಎಲ್ಲಿತ್ತು."

ಹುಲ್ಲಕ್ಕ ತನ್ನ ಮಷೀನನ್ನು ಬಾಗಿಲ ಹತ್ತಿರ ಎಳೆದು ತಂದು, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದಳು.

"ರೀ, ಬನ್ನಿ ಇಲ್ಲಿ. ಈಗ ನಡೆಸಿ."

"ಎಷ್ಟು ಸಲ ತೋರಿಸ್ಬೇಕು ನಿಂಗೆ?"

"ಇದೊಂದು ಸಲ. ಎರಡೇ ಬೆರಳಲ್ಲಿ."

ಮೇಸ್ತ್ರಿ ಬೇಸರದಿಂದ ಎದ್ದು ಬಂದ. ಶುರು ಮಾಡಿದ, ಲಿವರ್ ಒತ್ತಿದ, ಎರಡು ಬೆರಳಿಟ್ಟ. ಎಂಜಿನ್ ಅರಚಿತು. ಗಾಲಿ ಒಂದು ಸಲ ಮೈ ಕೊಡವಿ ಸುಮ್ಮನಾಯಿತು. ಮೇಸ್ತ್ರಿ ಲಿವರನ್ನು ಇನ್ನಷ್ಟು ಒತ್ತಿದ. ಇಡೀ ಕೈ ಹಾಕಿದ. ಆಮೇಲೆ ಎರಡು ಕೈ ಹಾಕಿದ. ಆಮೇಲೆ ಕಾಲು ಊರಿ, ಭುಜ ಕೊಟ್ಟು ದೂಡಿದ, ಆಗ ಹೊರಟಿತು. ಗೋಡೆ ಮುಟ್ಟಿಸಿ ನಿಲ್ಲಿಸುವ ಹೊತ್ತಿಗೆ ಏದುಸಿರು ಬಿಡುತ್ತಿದ್ದ. ಅಷ್ಟು ದೂರವೇನೂ ಇಲ್ಲ, ಶೆಡ್ಡಿನ ಉದ್ದ. ಇಳಿಜಾರು ಕೂಡ ಕಣ್ಣಿಗೆ ಕಾಣದಷ್ಟು.

(ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆ ಶೆಡ್ಡಿನಲ್ಲಿ ಇಷ್ಟು ವರ್ಷ ಟೆಸ್ಟ್ ಆದ ಮಷೀನುಗಳೆಲ್ಲ ಬಾಗಿಲ ಕಡೆಗೇ, ಅಂದರೆ ಇಳಿಜಾರಿನಲ್ಲೇ ನಡೆದದ್ದು, ಎಲ್ಲವೂ ಪಾಸ್. "ಎಳೆತ ಇಲ್ಲ" ಅಂತ ವಾಪಸು ತಂದವರಿಗೆ "ಹುಲ್ಲು ಉದ್ದ ಬಿಟ್ಟಿದ್ದೀರಿ" ಅಂತ ಮೇಸ್ತ್ರಿ ಹೇಳಿ ಕಳಿಸುತ್ತಿದ್ದ. ಅವರು ಗಿರಾಕಿಗಳು, ಬೇರೆ ಕಡೆ ಹೋಗಬಹುದಿತ್ತು. ಹೆಂಡತಿ ಎಲ್ಲಿಗೆ ಹೋಗಬೇಕಿತ್ತು?)

ಅತ್ತೆ ಕುರ್ಚಿಯ ತೋಳು ಹಿಡಿದು ಎದ್ದರು. ಗೋಡೆಯವರೆಗೆ ನಡೆದು ಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ಸೊಸೆಯ ಮಷೀನಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂತ ಬರೆದರು. ಅಲ್ಲಿ ಆಗಲೇ ಒಂದನೇ ನಂಬರಿನ ಮಷೀನು ಗಾಲಿ ಬಿಚ್ಚಿಸಿಕೊಂಡು ಕೂತಿತ್ತು. ಅದರ ಮೇಲಿನ ಒಂದನ್ನು ಸೆರಗಿನಿಂದ ಒರೆಸಿದರು.

"ಇದು ಮೊದಲು" ಅಂದರು ಮಗನಿಗೆ.

೮

ರಿಪೇರಿಯನ್ನು ವಿವರವಾಗಿ ಬರೆಯಲೇಬೇಕು, ಯಾಕೆಂದರೆ ಅದು ಎಷ್ಟು ಚಿಕ್ಕ ಕೆಲಸ ಅಂತ ನಿಮಗೆ ಗೊತ್ತಾಗಬೇಕು. ಗೊತ್ತಾಗಿ ನಿಮಗೂ ಸಿಟ್ಟು ಬರಬೇಕು.

ಮೇಸ್ತ್ರಿ ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತಿಟ್ಟು ಮುಚ್ಚಳ ಎತ್ತಿದ. ಒಳಗೆ ಒಣಹುಲ್ಲು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಕೆರೆದು ತೆಗೆದ. ಎಂಜಿನ್ನಿನಿಂದ ಗಾಲಿಗೆ ಬಲ ಒಯ್ಯುವ ಬೆಲ್ಟು ಸವೆದು, ಎರಡೂ ಪಕ್ಕ ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಅಂಥ ಬೆಲ್ಟಿಗೆ ಹಿಡಿತ ಎಲ್ಲಿಂದ ಬರಬೇಕು? ಹೊಸದು ಹಾಕಿದ. ಗಾಲಿ ಬಿಚ್ಚಿ ಒಳಗಿನ ಪುಟ್ಟ ಗೇರುಗಳನ್ನು ತೆಗೆದ. ಅವುಗಳ ಹಲ್ಲು ಮುದುಕರ ಹಲ್ಲಾಗಿದ್ದವು. ಎಡಗಡೆಯದು ಬಲಕ್ಕೆ ಹಾಕಿದರೆ ಗಾಲಿ ತಿರುಗುವುದೇ ಇಲ್ಲ, ಹಾಗಾಗಿ ಹೊಸ ಗೇರುಗಳನ್ನು ಎರಡು ಬೇರೆ ಬೇರೆ ತಟ್ಟೆಯಲ್ಲಿಟ್ಟುಕೊಂಡು, ಗ್ರೀಸು ಸವರಿ, ಒಂದೊಂದಾಗಿ ಕೂರಿಸಿದ. ಕೊನೆಗೆ ಲಿವರಿನ ಕೇಬಲ್ ಬಿಗಿ ಮಾಡಿದ. ಬಾಗಿಲಿನಿಂದ ಗೋಡೆಯ ಕಡೆಗೆ ನಡೆಸಿದ. ಎರಡು ಬೆರಳು. ಮಷೀನು ಗೋಡೆಗೆ ಗುದ್ದಿಯೇ ಬಿಡುತ್ತಿತ್ತು.

ಒಂದು ಸಿನಿಮಾ ನೋಡುವಷ್ಟು ಹೊತ್ತೂ ಆಗಲಿಲ್ಲ. ಅಷ್ಟಕ್ಕೆ ಒಂದು ಭುಜ ಹೋಯಿತು.

ನನಗೆ ಹೆಚ್ಚು ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತೇ? ಅವನು ಆ ಕೆಲಸವನ್ನು ಖುಷಿಯಿಂದ ಮಾಡಿದ. ಸಿಳ್ಳೆ ಹಾಕಿಕೊಂಡು ಮಾಡಿದ. ಚೆನ್ನಾಗಿ ಮಾಡಿದ. ಮುಗಿಸಿ, ಹೆಂಡತಿಯನ್ನು ನೋಡಿ, "ನಾಳೆ ದಿಣ್ಣೆ ಹತ್ತಿಸು, ನೋಡು ಹೇಗೆ ಓಡುತ್ತೆ" ಅಂದ. ಅವಳಿಗೆ ಉಡುಗೊರೆ ಕೊಟ್ಟವನ ಹಾಗಿತ್ತು ಮುಖ.

"ಸೆಕ್ರೆಟರಿಗೆ ಏನು ಹೇಳ್ತೀರಿ?" ಅಂದಳು ಹುಲ್ಲಕ್ಕ.

"ಹೇಳೋದೇನು? ಬೇರೆಯವರು ಬೇಡ, ನೀನೇ ಬರ್ತೀಯ ಅಂತೀನಿ."

"ಯಾಕೆ ಬರ್ತೀನಿ ಅಂತೀರಿ?"

"ಈಗ ಪರವಾಗಿಲ್ಲ, ಹುಷಾರಾದಳು ಅಂತ."

"ನಾನು ಹುಷಾರಾದೆನಾ? ಮಷೀನು ಕೆಟ್ಟಿತ್ತು ಅಂತ ಹೇಳಿ."

ಮೇಸ್ತ್ರಿ ಸಿಳ್ಳೆ ನಿಲ್ಲಿಸಿದ. "ನೋಡು, ನಾನು ರಿಪೇರಿಯವನು. ನಮ್ಮನೆ ಮಷೀನೇ ಕೆಟ್ಟಿತ್ತು, ನಂಗೇ ಗೊತ್ತಾಗಲಿಲ್ಲ ಅಂತ ನಾನೇ ಹೋಗಿ ಡಂಗುರ ಹೊಡೀಲಾ? ನಾಳೆ ಯಾರು ಮಷೀನು ತರ್ತಾರೆ ಇಲ್ಲಿಗೆ?"

"ನಂಗೆ ಶಕ್ತಿ ಇಲ್ಲ ಅಂತ ಹೇಳುವಾಗ ನಿಮಗೆ ಆ ಯೋಚನೆ ಬರಲಿಲ್ಲ. ನಂಗೆ ಯಾರು ಕೆಲಸ ಕೊಡ್ತಾರೆ ಅಂತ."

ಮೇಸ್ತ್ರಿ ಗಾಲಿ ಬಿಚ್ಚಿದ ಮಷೀನಿನ ಹತ್ತಿರ ಹೋಗಿ ಕೂತ.

ಕೊನೆಗಳು

ಮಷೀನು ರಿಪೇರಿಯಾಯಿತು. ಬೇರೆ ಕಥೆಗಾರರಾಗಿದ್ದರೆ ಇಷ್ಟಕ್ಕೆ ಕೈ ತೊಳೆದುಕೊಳ್ಳುತ್ತಿದ್ದರು. ನಾನೂ ತೊಳೆದುಕೊಳ್ಳಲು ನೋಡಿದೆ, ಸುಳ್ಳು ಯಾಕೆ ಹೇಳಲಿ. ಒಂದಾದ ಮೇಲೊಂದು ಕೊನೆ ಬರೆದು ಹುಲ್ಲಕ್ಕನ ಮುಂದಿಟ್ಟೆ.

ಒಂದರಲ್ಲಿ ಮೇಸ್ತ್ರಿ ಅವಳ ಕೈ ಹಿಡಿದುಕೊಂಡು ಅತ್ತ. ಹುಲ್ಲಕ್ಕ ತಲೆಯಾಡಿಸಿದಳು. "ಅಳೋದು ಬೇಡ. ಅವರು ಅತ್ತರೆ ನಾನೇ ಸಮಾಧಾನ ಮಾಡ್ಬೇಕು. ಅದೂ ನನ್ನ ಕೆಲಸವೇ ಆಗುತ್ತೆ."

ಇನ್ನೊಂದರಲ್ಲಿ ಅವಳೇ ಹೋಗಿ ಸೆಕ್ರೆಟರಿಗೆ ನಿಜ ಹೇಳಿದಳು. "ಅದನ್ನ ಆಗಲೇ ಹೇಳಿ ಆಯ್ತು" ಅಂದಳು. "ಇರಲಿ ಬಿಡಿ ಅಕ್ಕ, ವಯಸ್ಸಾಗೋದು ಎಲ್ಲರಿಗೂ ಇದ್ದದ್ದೇ ಅಂದ್ರು. ತಪ್ಪು ಮಷೀನಿನ ಮೇಲೆ ಹಾಕ್ತಾಳೆ ಪಾಪ ಅಂದುಕೊಂಡ್ರು."

ಮತ್ತೊಂದರಲ್ಲಿ ಅತ್ತೆ ಮಗನ ಕಿವಿ ಹಿಂಡಿ ಬಡಾವಣೆಗೆ ಎಳೆದುಕೊಂಡು ಹೋದರು. ಇದಕ್ಕೆ ಅತ್ತೆಯದೇ ತಕರಾರು. "ನನ್ನನ್ನ ಯಾಕೆ ಎಳೀತೀರಿ? ಅವನೇನು ಸ್ಕೂಲಿಗೆ ಹೋಗೋನಾ? ಕಿವಿ ಹಿಂಡಿ ಹೇಳಿಸಿದ ಮಾತು ನನ್ನ ಮಾತಾಗುತ್ತೆ, ಅವನದಾಗಲ್ಲ."

ಮೂರೂ ಹೋದವು. ಆಗ ಮೇಸ್ತ್ರಿ ಬಂದ. ಈ ಸಲ ಗೊಣಗಲಿಲ್ಲ, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ.

"ಒಂದು ಉಪಕಾರ ಮಾಡಿ" ಅಂದ. "ನೀವೇ ಬರೆದುಬಿಡಿ. 'ಮೇಸ್ತ್ರಿ ಸೆಕ್ರೆಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ' ಅಂತ. ಒಂದು ಸಾಲು. ನಿಮಗೇನು ಭಾರ? ಅವಳಿಗೂ ಸಮಾಧಾನ, ನಿಮ್ಮ ಕಥೇನೂ ಮುಗಿಯುತ್ತೆ, ನನ್ನ ಬಾಯಿಗೂ ಕಷ್ಟ ಇಲ್ಲ."

ಓದುಗರೇ, ನಿಮ್ಮಾಣೆ, ಪೆನ್ನು ಕಾಗದಕ್ಕೆ ತಾಗಿತ್ತು. ಒಂದು ಸಾಲು, ನಿಜಕ್ಕೂ ಏನೂ ಭಾರವಿಲ್ಲ. ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಬರೆದು ಬಹುಮಾನ ಪಡೆದವರನ್ನು ನೀವೂ ಬಲ್ಲಿರಿ. ಆದರೆ ಹುಲ್ಲಕ್ಕ ಬಗ್ಗಿಸಿದ ತಲೆಯಲ್ಲಿ ಕೂದಲು ಬಾಚಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಅವಳು ಬೇಡ ಅನ್ನಲೂ ಇಲ್ಲ. ನನಗೆ ಎಲ್ಲಿತ್ತೋ ರೋಷ ಬಂತು. ಇವನ ಮಷೀನನ್ನು ಅವಳು ದೂಡಿದ್ದು ಸಾಲದೆ, ಇವನ ಮಾತನ್ನು ನಾನು ದೂಡಬೇಕೇ?

"ಆಗಲ್ಲ" ಅಂದೆ. "ನಿಮ್ಮ ಬಾಯಿ, ನಿಮ್ಮ ಮಾತು."

ಕೊನೆಯಲ್ಲ

ಹೊಸ ತಿಂಗಳ ಮೊದಲ ದಿನ. ದಿಣ್ಣೆಯ ಹುಲ್ಲು ಒಣಗಿತ್ತು, ಇಬ್ಬನಿ ಆರಿತ್ತು. ಹುಲ್ಲಕ್ಕ ಬುಡದಲ್ಲಿ ಮಷೀನು ಶುರು ಮಾಡಿ ಲಿವರ್ ಒತ್ತಿದಳು. ಗಾಲಿ ಹುಲ್ಲನ್ನು ಕಚ್ಚಿ ಹಿಡಿಯಿತು. ಮಷೀನು ಏರು ಹತ್ತಿತು. ಅವಳು ಬರೀ ನಡೆದಳು. ಅರ್ಧ ದಿಣ್ಣೆಯಲ್ಲಿ ಬಲಗೈಯನ್ನು ಹಿಡಿಯಿಂದ ತೆಗೆದು, ಸೊಂಟದ ಮೇಲಿಟ್ಟುಕೊಂಡು, ಎಡಗೈ ಒಂದರಲ್ಲೇ ಅದನ್ನು ಹಿಡಿದುಕೊಂಡು ನಡೆದಳು. ಆ ಕೈ ಅಷ್ಟು ಹಗುರವಾಗಿ ಇದ್ದದ್ದನ್ನು ನಾನು ಈ ಕಥೆಯಲ್ಲಿ ನೋಡಿರಲೇ ಇಲ್ಲ.

ಮೇಲೆ ಹೋಗಿ ತಿರುಗಿ ಕೆಳಗೆ ಬರುವಷ್ಟರಲ್ಲಿ ಬೆಂಚಿನ ಹತ್ತಿರ ಮೇಸ್ತ್ರಿ ನಿಂತಿದ್ದ. ಮಷೀನು ಹೇಗೆ ಓಡುತ್ತದೆ ಅಂತ ನೋಡಲು ಬಂದಿದ್ದ, ಅದನ್ನು ಯಾರೂ ಬರೆಯಬೇಕಾಗಿರಲಿಲ್ಲ. ಅವನ ಪಕ್ಕದಲ್ಲಿ ಸೆಕ್ರೆಟರಿಯೂ ಇದ್ದ, ಕಣ್ಣಿಗೆ ಕೈ ಅಡ್ಡ ಹಿಡಿದು ದಿಣ್ಣೆಯ ಕಡೆ ನೋಡುತ್ತ. ಅವನ ಮುಖದ ತುಂಬ ಒಳ್ಳೆಯತನ.

"ಏನು ಮೇಸ್ತ್ರಿ, ಅಕ್ಕನಿಗೆ ಶಕ್ತಿ ಇಲ್ಲ ಅಂದಿದ್ರಿ" ಅಂತ ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದ. "ಹುಷಾರಾಗಿಬಿಟ್ರಾ?"

ಮೇಸ್ತ್ರಿ ಬಾಯಿ ತೆರೆದ. ಏನೋ ಅಂದ, ಅಥವಾ ಅನ್ನಲಿಲ್ಲ. ಸದ್ದಿನಲ್ಲಿ ಕೇಳಿಸಲಿಲ್ಲ. ಹಾಗೆಯೇ ಬಿಟ್ಟರೆ ಅದೂ ಒಂದು ಕೊನೆ, ಬಹಳ ಮಂದಿ ಅದನ್ನು ಕಲೆ ಅನ್ನುತ್ತಾರೆ.

ಈ ಮಷೀನಿನ ಹಿಡಿಗೆ ಒಂದು ಅಡ್ಡಕಂಬಿ ಇರುತ್ತದೆ. ಅದನ್ನು ಹಿಡಿದಿರುವವರೆಗೆ ಮಾತ್ರ ಎಂಜಿನ್ ಓಡುತ್ತದೆ. ಹುಲ್ಲಕ್ಕ ಅದನ್ನು ಬಿಟ್ಟಳು. ಎಂಜಿನ್ ನಿಂತಿತು. ಇಡೀ ದಿಣ್ಣೆ ಗಪ್ಪಾಯಿತು, ಬೆಂಚಿನ ಮುದುಕರು ಕೂಡ ಜಗಳ ನಿಲ್ಲಿಸಿ ಈ ಕಡೆ ನೋಡಿದರು.

ಮೇಸ್ತ್ರಿ ನನ್ನನ್ನು ಹುಡುಕಿದ. ನಾನು ಪೆನ್ನಿನ ಮುಚ್ಚಳ ಹಾಕಿ ಕೈ ಕಟ್ಟಿಕೊಂಡು ಕೂತಿದ್ದೇನೆ. ಅವನ ಬದಲು ಹೇಳುವವರು ಈ ಪುಟದಲ್ಲಿ ಯಾರೂ ಇಲ್ಲ.

"ರೀ," ಅಂದಳು ಹುಲ್ಲಕ್ಕ, "ಸೆಕ್ರೆಟರಿ ಏನೋ ಕೇಳ್ತಿದ್ದಾರೆ. ಹೇಳಿ."